ಸಾವ್ಕಾರ್ರು ಸರಿಯಾದರೆ ಕೆಲಸದವರೂ ಸರಿಯಾಗುತ್ತಾರಾ, ಅಥವಾ ಎಲ್ಲ ಕ್ಯಾಮೆರಾದ ಮಹಿಮೆಯಾ?

ಶಿರಸಿ ಗುಮಾಸ್ತ ಕೇಳಿದ್ದು:

ನಮಸ್ಕಾರ. ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಯಾವ ವಖಾರಿ ಅಂತ ಕೇಳಬೇಡಿ, ಊರು ಸಣ್ಣದು. ತೂಕದವರು, ಹಮಾಲರು, ಚಾಲಿ (ಒಣಗಿಸಿ ಸುಲಿದ ಅಡಿಕೆ) ಆರಿಸುವ ಹೆಂಗಸರು, ಟೆಂಪೋ ಡ್ರೈವರ್, ಹಳ್ಳಿಗೆ ಹೋಗಿ ಖರೀದಿ ಮಾಡುವ ಇಬ್ಬರು, ಆಫೀಸಿನಲ್ಲಿ ನಾನು ಮತ್ತು ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ. ಇಷ್ಟು ಜನ.

ಹಳೇ ಸಾವ್ಕಾರ್ರ ಕಾಲದಲ್ಲಿ ಒಂದು ರೂಢಿ ಇತ್ತು. ಚೀಲ 48 ಕೆಜಿ 700 ಗ್ರಾಂ ತೂಗಿದರೆ ಪಟ್ಟಿಯಲ್ಲಿ 48 ಅಂತಲೇ ಬರೆಯುವುದು. ಸ್ಯಾಂಪಲ್ ಅಂತ ಒಂದು ಬೊಗಸೆ ತೆಗೆದರೆ ಅದು ವಾಪಸ್ ಚೀಲಕ್ಕೆ ಬೀಳುತ್ತಿರಲಿಲ್ಲ. ರೈತರಿಗೂ ಗೊತ್ತಿತ್ತು, ಸುಮ್ನೆ ಇರುತ್ತಿದ್ದರು. ಕೆಲಸದವರು ನೋಡುತ್ತಿದ್ದರಲ್ಲ, ಅವರೂ ಅವರವರ ಮಟ್ಟದಲ್ಲಿ ಶುರು ಮಾಡಿಕೊಂಡಿದ್ದರು. ಹಮಾಲರ ಊಟದ ಡಬ್ಬಿಯಲ್ಲಿ ಒಳ್ಳೆ ಚಾಲಿ ಮನೆಗೆ ಹೋಗುತ್ತಿತ್ತು. ಡೀಸೆಲ್ ಬಿಲ್ಲು ನೋಡಿದರೆ ನಮ್ಮ ಟೆಂಪೋ ದಿನಾ ಹುಬ್ಬಳ್ಳಿಗೆ ಹೋಗಿ ಬಂದಂತೆ ಇರುತ್ತಿತ್ತು. ಆರಿಸುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ, ಹಾಗಾಗಿ ಬಿಳೆಗೋಟು, ಕೋಕದಂಥ ಕಡಿಮೆ ದರ್ಜೆಯದ್ದೆಲ್ಲ ಚಾಲಿಯ ರಾಶಿಯಲ್ಲೇ ನುಸುಳುತ್ತಿತ್ತು.

ಆಮೇಲೆ ಮಗ ಬಂದರು. ಮೊದಲು ಮಾಡಿದ್ದೇ ತಕ್ಕಡಿಯ ಅಂಕಿ ಕಾಣುವ ಬದಿಯನ್ನು ರೈತರ ಕಡೆ ತಿರುಗಿಸಿದ್ದು. ಗ್ರಾಂ ಕೂಡ ಪಟ್ಟಿಗೆ ಬರಬೇಕು ಅಂದರು. ಸ್ಯಾಂಪಲ್ ವಾಪಸ್ ಚೀಲಕ್ಕೆ. ಒಂದು ಸಲ ಸಿದ್ದಾಪುರ ಕಡೆಯ ಒಬ್ಬ ಅಜ್ಜನ ಪಟ್ಟಿಯಲ್ಲಿ ಕೂಡಿಸುವಾಗ ದುಡ್ಡು ಕಡಿಮೆ ಬಿದ್ದಿತ್ತು. ಅಜ್ಜ ಹೊರಟು ಹೋಗಿದ್ದ. ಸಾವ್ಕಾರ್ರು ತಾವೇ ಬೈಕ್ ಹತ್ತಿ ಬಸ್ ಸ್ಟ್ಯಾಂಡಿಗೆ ಹೋಗಿ ಕೊಟ್ಟು ಬಂದರು. ಹಮಾಲರು ಆ ಕಥೆಯನ್ನು ಈಗಲೂ ಹೇಳುತ್ತಾರೆ.

ಅದೇ ಹೊತ್ತಿಗೆ ಕ್ಯಾಮೆರಾನೂ ಬಂತು. ಕೂಲಿಯೂ ಸ್ವಲ್ಪ ಏರಿತು. ಅದೇ ನನ್ನ ತಲೆಬಿಸಿ. ಡಬ್ಬಿಯ ಚಾಲಿ ನಿಂತಿತು, ಡೀಸೆಲ್ ಬಿಲ್ಲು ಇಳಿಯಿತು, ಆರಿಸುವುದು ಚೊಕ್ಕ ಆಯಿತು. ಇದು ಸಾವ್ಕಾರ್ರನ್ನು ನೋಡಿ ಆದದ್ದಾ, ಕ್ಯಾಮೆರಾಕ್ಕೆ ಹೆದರಿ ಆದದ್ದಾ, ಕೂಲಿ ಜಾಸ್ತಿ ಸಿಕ್ಕಿದ್ದಕ್ಕಾ?

ಇನ್ನೆರಡು ವಿಷಯ. ಮೊದಲು ತಪ್ಪು, ದೂರು ಯಾವುದೂ ಬರುತ್ತಿರಲಿಲ್ಲ. ಈಗ ದಿನಾ ಒಂದಲ್ಲ ಒಂದು. "ಈ ಲಾಟು ಒಳಗೆ ಬೂಸ್ಟು ಹಿಡಿದಿದೆ", "ನಿನ್ನೆ ಚೀಲ ಅದಲು ಬದಲು ಆಯಿತು" ಅಂತ ಅವರೇ ಬಂದು ಹೇಳುತ್ತಾರೆ. ಸಾವ್ಕಾರ್ರಿಗೆ ಬೇಜಾರು. "ಅಪ್ಪನ ಕಾಲದಲ್ಲಿ ಇಷ್ಟು ತಪ್ಪು ಆಗ್ತಿರ್ಲಿಲ್ಲ ಅಲ್ವಾ?" ಅಂತ ನನ್ನನ್ನು ಕೇಳುತ್ತಾರೆ.

ಎರಡನೆಯದು ಕಷ್ಟದ್ದು. ಖರೀದಿಯ ಇಬ್ಬರಲ್ಲಿ ಹಿರಿಯನಿಗೆ ಕ್ವಿಂಟಲ್ ಮೇಲೆ ಕಮಿಷನ್. ಎಲ್ಲರಿಗಿಂತ ಜಾಸ್ತಿ ಮಾಲು ತರುತ್ತಾನೆ. ಹೊರ ಜಿಲ್ಲೆಯ ಅಗ್ಗದ ಅಡಿಕೆಯನ್ನು ಇಲ್ಲಿಯ ಚಾಲಿಯೊಳಗೆ ಸೇರಿಸುತ್ತಾನೆ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದು ಅದರ ರುಚಿ, ಗುಣಕ್ಕೆ. ಬೇರೆ ಅಡಿಕೆ ಸೇರಿಸಿ ಅದೇ ಹೆಸರಲ್ಲಿ ಉತ್ತರದ ಕಡೆ ಕಳಿಸಿದರೆ ಏನರ್ಥ? ಆರಿಸುವ ಹೆಂಗಸರು ಕೈಯಲ್ಲಿ ಹಿಡಿದ ಕೂಡಲೇ ಹೇಳುತ್ತಾರೆ, ಇದು ನಮ್ಮ ಕಡೆಯದ್ದಲ್ಲ ಅಂತ. ಸಾವ್ಕಾರ್ರಿಗೂ ಗೊತ್ತು. ತಾವು ಒಂದು ಗ್ರಾಂ ಮೋಸ ಮಾಡುವುದಿಲ್ಲ, ಆದರೆ ಅವನಿಗೆ ಏನೂ ಹೇಳುವುದಿಲ್ಲ. ಈಚೆಗೆ ಡ್ರೈವರ್ ಬಿಲ್ಲು ಮತ್ತೆ ನಿಧಾನಕ್ಕೆ ಏರುತ್ತಿದೆ. ಕೇಳಿದರೆ ನಗುತ್ತಾನೆ.

ಆಫೀಸು, ಫ್ಯಾಕ್ಟರಿ ನಡೆಸಿದವರು ಯಾರಾದರೂ ಇದ್ದರೆ ಹೇಳಿ.

ಕುಮಟಾದ ಅಕ್ಕ ಬರೆದದ್ದು:

ತಮಾ, ಮೂರೂ ಪ್ರಶ್ನೆ ಚೆನ್ನಾಗಿವೆ. ನಾನು ಬೆಂಗಳೂರಿನಲ್ಲಿ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೆ, ಈಗ ಊರಿಗೆ ವಾಪಸ್ ಬಂದು ಮಕ್ಕಳಿಗೆ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಕ್ಯಾಮೆರಾ. ಅದನ್ನು ಪರೀಕ್ಷೆ ಮಾಡುವ ದಾರಿ ನಿಮ್ಮ ಪ್ರಶ್ನೆಯಲ್ಲೇ ಇದೆ. ಕ್ಯಾಮೆರಾ ಕಾಣದ ಜಾಗ ನೋಡಿ. ಡಬ್ಬಿಯ ಚಾಲಿ ಕ್ಯಾಮೆರಾಕ್ಕೆ ಹೆದರಿ ನಿಂತಿರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಅಡಿಕೆಯ ಒಳಗಿನ ಬೂಸ್ಟು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅದನ್ನು ಹೇಳಿದ ಹೆಂಗಸಿಗೆ ಒಂದು ರೂಪಾಯಿ ಜಾಸ್ತಿ ಸಿಗುವುದಿಲ್ಲ, ಉಲ್ಟಾ ಕೆಲಸ ನಿಂತು ಆ ಹೊತ್ತಿನ ಕೂಲಿ ಹೋಗುತ್ತದೆ. ಆದರೂ ಎದ್ದು ಬಂದು ಹೇಳುತ್ತಾಳೆ. ಕ್ಯಾಮೆರಾ ಕೈ ಹಿಡಿಯುತ್ತದೆ, ಬಾಯಿ ಬಿಡಿಸುವುದಿಲ್ಲ. ಆ ಬಾಯಿ ಬಂದದ್ದು ಬಸ್ ಸ್ಟ್ಯಾಂಡಿಗೆ ಹೋದ ಬೈಕಿನಿಂದ ಅಂತ ನನ್ನ ಲೆಕ್ಕ.

ಇದಕ್ಕೆ ಓದಿನ ಬೆಂಬಲವೂ ಇದೆ. ಮೈಕಲ್ ಬ್ರೌನ್, ಲಿಂಡಾ ಟ್ರೆವಿನೋ, ಡೇವಿಡ್ ಹ್ಯಾರಿಸನ್ ಅನ್ನುವ ಮೂವರು 2005ರಲ್ಲಿ ನೀತಿವಂತ ನಾಯಕತ್ವವನ್ನು ಅಳೆಯುವುದು ಹೇಗೆ ಅಂತ ಬರೆದರು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರ ಹಳೇ ಮಾತೇ ಅದರ ಬುಡ: ಜನ ಕಲಿಯುವುದು ಜಾಸ್ತಿ ನೋಡಿ. ಅದರಲ್ಲೂ ಯಾರ ಕೈಯಲ್ಲಿ ಕೂಲಿ, ಬಡ್ತಿ, ಶಿಕ್ಷೆ ಇದೆಯೋ ಅವರನ್ನು ನೋಡಿ. ಯಾರಿಗೆ ಬಹುಮಾನ ಸಿಕ್ಕಿತು, ಯಾರಿಗೆ ಬೈಗುಳ ಸಿಕ್ಕಿತು ಅನ್ನುವುದನ್ನು ನೋಡಿಯೂ ಕಲಿಯುತ್ತಾರೆ. 2009ರಲ್ಲಿ ವಾಲುಂಬ್ವಾ ಮತ್ತು ಶಾಬ್ರೋಕ್ ಈ ಬಾಯಿ ಬಿಡುವ ವಿಷಯವನ್ನೇ ಹಿಡಿದು ನೋಡಿದರು. ಮೇಲಿನವರು ನ್ಯಾಯವಾಗಿ ನಡೆದರೆ ಕೆಳಗಿನವರಿಗೆ ಮಾತಾಡಲು ಧೈರ್ಯ ಬರುತ್ತದೆ, ಧೈರ್ಯ ಬಂದರೆ ಮಾತು ಬರುತ್ತದೆ ಅಂತ ಅವರ ಲೆಕ್ಕ.

ಒಂದು ಎಚ್ಚರಿಕೆ. ಇಂಥ ಅಧ್ಯಯನದಲ್ಲಿ ಬಹಳಷ್ಟು ಪ್ರಶ್ನಾವಳಿ ಕೊಟ್ಟು ಮಾಡಿದವು. ಬಾಸ್ ಹೇಗೆ ಅಂತಲೂ ಕೆಲಸದವನನ್ನೇ ಕೇಳುವುದು, ನೀನು ಹೇಗೆ ಅಂತಲೂ ಅವನನ್ನೇ ಕೇಳುವುದು ಎಷ್ಟೋ ಕಡೆ ಇದೆ. ಖುಷಿಯಾಗಿರುವವನು ಎರಡಕ್ಕೂ ಒಳ್ಳೆ ಮಾರ್ಕು ಹಾಕುತ್ತಾನೆ. ಹಾಗಾಗಿ ಇಂಥ ಅಂಕಿಗಿಂತ ನಿಮ್ಮ ಡೀಸೆಲ್ ಬಿಲ್ಲನ್ನು ನಾನು ಜಾಸ್ತಿ ನಂಬುತ್ತೇನೆ.

ಇನ್ನು ದೂರು ಹೆಚ್ಚಾದ ವಿಷಯ. ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡಲು ಹೊರಟಿದ್ದರು. 1996ರಲ್ಲಿ ಬಂದ ಅವರ ಲೇಖನ ಇದು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕಲ್ಲ? ಲೆಕ್ಕದಲ್ಲಿ ತಿರುಗಾಮುರುಗಾ ಬಂತು, ಒಳ್ಳೆಯ ಮುಖ್ಯಸ್ಥರಿದ್ದ ಕಡೆಯೇ ಜಾಸ್ತಿ ತಪ್ಪು ದಾಖಲಾಗಿತ್ತು. ಕಾರಣ, ಅಲ್ಲಿ ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ನಿಮ್ಮ ಸಾವ್ಕಾರ್ರಿಗೆ ಇದನ್ನು ಇವತ್ತೇ ಹೇಳಿ. ಅವರು ಬೇಜಾರು ಮುಖದಲ್ಲಿ ತೋರಿಸಿಬಿಟ್ಟರೆ ನಾಳೆಯಿಂದ ಬೂಸ್ಟಿನ ಸುದ್ದಿ ಆಫೀಸಿಗೆ ಬರುವುದಿಲ್ಲ, ಸೀದಾ ಗಿರಾಕಿಗೆ ಹೋಗುತ್ತದೆ.

ಈಗ ಆ ಖರೀದಿಯವನು. ಟ್ರೆವಿನೋ ಮತ್ತು ಜೊತೆಯವರು 2000ದಲ್ಲೇ ಬರೆದದ್ದು: ಎರಡು ಬೇಕು. ತಾನು ಒಳ್ಳೆಯವನಾಗಿರಬೇಕು, ಜೊತೆಗೆ ಒಳ್ಳೆಯತನವನ್ನು ಅಧಿಕಾರದಿಂದ ನಡೆಸಬೇಕು. ಬಾಯಿಬಿಟ್ಟು ಹೇಳಬೇಕು, ಮೆಚ್ಚಬೇಕು, ತಪ್ಪಿದವನನ್ನು ಹಿಡಿಯಬೇಕು. ತಾನು ಶುದ್ಧ ಇದ್ದು ಸುಮ್ಮನಿರುವವರನ್ನು ಕೆಳಗಿನವರು ಒಳ್ಳೆಯವರು ಅಂತ ಲೆಕ್ಕ ಹಾಕುವುದಿಲ್ಲ. "ಇವರಿಗೆ ಇದರ ಗೊಡವೆ ಇಲ್ಲ" ಅಂತ ಹಾಕುತ್ತಾರೆ. ಡ್ರೈವರ್ ನಗು ಅದೇ.

ಯಲ್ಲಾಪುರ ರಸ್ತೆ ಬರೆದದ್ದು:

ಅಕ್ಕನ ಪಾಠ ಚೆನ್ನಾಗಿದೆ. ಆದರೆ ನಾನು ಸಾಮಿಲ್ ನಡೆಸಿದವನು, ಸೀದಾ ಹೇಳುತ್ತೇನೆ. ಹೊಟ್ಟೆ ತುಂಬಿದರೆ ಕದಿಯುವುದಿಲ್ಲ, ತುಂಬದಿದ್ದರೆ ಹರಿಶ್ಚಂದ್ರನ ವಖಾರಿಯಲ್ಲೂ ಕದಿಯುತ್ತಾರೆ. ಕೂಲಿ ಏರಿಸಿದ್ದೇ ಕಾರಣ. ಬಸ್ ಸ್ಟ್ಯಾಂಡ್ ಕಥೆ ಕೇಳಲಿಕ್ಕೆ ಚಂದ.

ಬೈತಖೋಲ ಬೋಟಿನವ ಬರೆದದ್ದು:

ಯಲ್ಲಾಪುರದ ಅಣ್ಣ, ನಮ್ಮಲ್ಲಿ ಕೂಲಿಯೇ ಇಲ್ಲ, ಪಾಲು. ಅದಕ್ಕೆ ಏನಂತೀರಿ?

ಕಾರವಾರದಲ್ಲಿ ನಮ್ಮ ಮನೆಯ ಬೋಟಿದೆ. ಮೀನು ಮಾರಿದ ದುಡ್ಡಿನಲ್ಲಿ ಡೀಸೆಲ್, ಐಸು, ರೇಷನ್ನು ಕಳೆದು ಉಳಿದದ್ದನ್ನು ಮಾಲಕರಿಗೆ ಇಷ್ಟು, ಬೋಟು ನಡೆಸುವ ತಾಂಡೇಲನಿಗೆ ಇಷ್ಟು, ಬೋಟಿನಲ್ಲಿ ದುಡಿಯುವ ಖಲಾಸಿಗಳಿಗೆ ಇಷ್ಟು ಅಂತ ಹಂಚುತ್ತೇವೆ. ಸಮುದ್ರದಲ್ಲಿ ಮಾಲಕ ಇರುವುದಿಲ್ಲ. ಕ್ಯಾಮೆರಾ ಇಲ್ಲ. ತಾಂಡೇಲ ಒಬ್ಬನೇ ಎಲ್ಲ. ಅವನು ಒಂದೆರಡು ಬುಟ್ಟಿ ಇಸ್ವಣ ಮೀನು ಬೇರೆ ಬೋಟಿನವರಿಗೆ ಅಲ್ಲೇ ಕೊಟ್ಟು ದುಡ್ಡು ಜೇಬಿಗೆ ಹಾಕಿದರೆ ದಡದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಖಲಾಸಿಗಳಿಗೆ ಗೊತ್ತಾಗುತ್ತದೆ.

ನಮ್ಮಲ್ಲಿ ಹಿಂದೆ ಇಬ್ಬರು ತಾಂಡೇಲರಿದ್ದರು, ಒಬ್ಬರಾದ ಮೇಲೆ ಒಬ್ಬರು. ಬೋಟು ಅದೇ, ಬಲೆ ಅದೇ, ಪಾಲೂ ಅದೇ. ಖಲಾಸಿಗಳೂ ಹೆಚ್ಚುಕಮ್ಮಿ ಅವರೇ, ಒಡಿಶಾ, ಝಾರ್ಖಂಡ್ ಕಡೆಯ ಹುಡುಗರು. ಮೊದಲಿನವನ ಕಾಲದಲ್ಲಿ ಮುಂಗಡ ತೆಗೆದುಕೊಂಡು ರಾತ್ರೋರಾತ್ರಿ ಬೇರೆ ಬೋಟಿಗೆ ಹೋಗುವುದು, ಐಸು ಸರಿಯಾಗಿ ಹಾಕದೆ ಬಂಗಡೆ ಮೆತ್ತಗಾಗಿ ದರ ಬೀಳುವುದು ದಿನದ ಕಥೆ. ಎರಡನೆಯವನು ದೊಡ್ಡ ಮಾತುಗಾರ ಏನಲ್ಲ. ದಡಕ್ಕೆ ಬಂದ ಮೇಲೆ ಡೀಸೆಲ್, ಐಸಿನ ಚೀಟಿಗಳನ್ನು ಡೆಕ್ಕಿನ ಮೇಲೆ ಎಲ್ಲರ ಮುಂದೆ ಹರಡಿ ಗಟ್ಟಿಯಾಗಿ ಓದುತ್ತಿದ್ದ. ಓದು ಬರದ ಹುಡುಗನಿಗೂ ಅರ್ಥವಾಗುವಂತೆ. ಅಷ್ಟೇ. ಮುಂಗಡ ತಗೊಂಡು ಓಡುವುದು ನಿಂತಿತು. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧಕ್ಕೆ ಊರಿಗೆ ಹೋದ ಹುಡುಗರು ಆಗಸ್ಟಿಗೆ ಸೀದಾ ನಮ್ಮ ಬೋಟಿಗೇ ವಾಪಸ್.

ಎಲ್‌ಇಡಿ ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಮಾಡಿದೆ. ಆದರೂ ಹಾಕುವವರು ಹಾಕುತ್ತಾರೆ. ಮೀನು ಇಲ್ಲದ ದಿನ ಖಲಾಸಿಗಳೇ "ದೀಪ ಹಾಕೋಣ" ಅಂತ ಹಟ ಮಾಡಿದ್ದರಂತೆ, ಅವರ ಪಾಲೂ ಅದರಲ್ಲೇ ಇದೆಯಲ್ಲ. ಈ ತಾಂಡೇಲ ಖಾಲಿ ಬೋಟು ತಂದ. ಆ ಸಲ ಮನೆಯಲ್ಲಿ ಅಪ್ಪ ಬೈದದ್ದು ನಿಜ. ಹುಡುಗರು ಬಿಟ್ಟು ಹೋಗುತ್ತಾರೆ ಅಂತ ನಾವು ಅಂದುಕೊಂಡಿದ್ದೆವು. ಯಾರೂ ಹೋಗಲಿಲ್ಲ.

ಯಲ್ಲಾಪುರ ರಸ್ತೆ ಬರೆದದ್ದು:

ಪಾಲಿನ ಮಾತು ಒಪ್ಪಿದೆ ಮಾರಾಯ. ಆದರೆ ಚೀಟಿ ಓದಿದರೆ ಖಲಾಸಿಗೆ ತನ್ನ ಪಾಲು ಪೂರ್ತಿ ಸಿಗುತ್ತದೆ ಅಂತ ಗ್ಯಾರಂಟಿ ಆಯಿತು. ಅದೂ ದುಡ್ಡೇ ಅಲ್ವಾ?

ಬೈತಖೋಲ ಬೋಟಿನವ ಬರೆದದ್ದು:

ಖಾಲಿ ಬೋಟು ತಂದ ದಿನ ಯಾವ ದುಡ್ಡಿತ್ತು ಅಣ್ಣ?

ಅಂಕೋಲಾ ನಿವೃತ್ತ ಬರೆದದ್ದು:

ನಾನು ಬ್ಯಾಂಕಿನಲ್ಲಿ ಜೀವನ ಕಳೆದವನು. ಈ ಕ್ವಿಂಟಲ್ ಕಮಿಷನ್ ಅಂತ ಓದಿದ ಕೂಡಲೇ ಕಿವಿ ನೆಟ್ಟಗಾಯಿತು. ಗುಮಾಸ್ತರೇ, ನಿಮ್ಮ ಖರೀದಿಯವನು ಕೆಟ್ಟವನೋ ಒಳ್ಳೆಯವನೋ ನನಗೆ ಗೊತ್ತಿಲ್ಲ. ಆದರೆ ಅವನಿಗೆ ದುಡ್ಡು ಕೊಡುವ ಲೆಕ್ಕ ಯಾರು ಮಾಡಿದ್ದು? ಸಾವ್ಕಾರ್ರೇ ತಾನೆ?

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ ಕೇಳಿರಬಹುದು. ಒಬ್ಬೊಬ್ಬ ಗ್ರಾಹಕನಿಗೂ ಎಂಟೆಂಟು ಖಾತೆ, ಕಾರ್ಡು ಮಾರಬೇಕು ಅನ್ನುವ ಗುರಿ ಅಲ್ಲಿ ಇತ್ತು. ನೀತಿಯ ಪುಸ್ತಕವೂ ಇತ್ತು, ತರಬೇತಿಯೂ ಇತ್ತು. ಕೌಂಟರಿನ ಹುಡುಗರು ಪುಸ್ತಕ ನೋಡಲಿಲ್ಲ, ಗುರಿ ನೋಡಿದರು. ಜನರಿಗೆ ಗೊತ್ತಿಲ್ಲದಂತೆ ಅವರ ಹೆಸರಲ್ಲಿ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ಜನರನ್ನು ಕೆಲಸದಿಂದ ತೆಗೆದದ್ದಾಗಿ ಬ್ಯಾಂಕು ಹೇಳಿತು. ಮುಖ್ಯಸ್ಥ ಜಾನ್ ಸ್ಟಂಪ್ ಮೊದಮೊದಲು ತಪ್ಪನ್ನೆಲ್ಲ ಕೆಳಗಿನವರ ಮೇಲೇ ಹಾಕಿದರು, ಕೊನೆಗೆ ತಾವೂ ಹೋದರು. ಮೇಲಿನವರ ಮನಸ್ಸು ಕೆಳಗಿನವರಿಗೆ ಕಾಣುವುದು ಭಾಷಣದಲ್ಲಲ್ಲ, ಸಂಬಳದ ಲೆಕ್ಕದಲ್ಲಿ. ಯಲ್ಲಾಪುರದವರು ಹೇಳಿದ್ದರಲ್ಲಿ ಇಷ್ಟು ಸತ್ಯ ಇದೆ.

ಇನ್ನೊಂದು ನಮ್ಮ ಊರಿನದೇ. ಬಳ್ಳಾರಿಯ ಕಬ್ಬಿಣದ ಅದಿರು ಬೇಲೆಕೇರಿ ಬಂದರಿಗೆ ಬರುತ್ತಿದ್ದ ಕಾಲ ಈ ಕಡೆಯವರಿಗೆಲ್ಲ ನೆನಪಿದೆ. ಅರಬೈಲ್ ಘಟ್ಟದಲ್ಲಿ ಲಾರಿ ಸಾಲು, ಮನೆ ಅಂಗಳದಲ್ಲಿ ಕೆಂಪು ಧೂಳು, ತುಳಸಿ ಕಟ್ಟೆಯೂ ಕೆಂಪು. 2010ರ ಮಾರ್ಚಿನಲ್ಲಿ ಕಾರವಾರದ ಅರಣ್ಯ ಉಪಸಂರಕ್ಷಣಾಧಿಕಾರಿ ಆರ್. ಗೋಕುಲ್ ಅಲ್ಲಿ ಸುಮಾರು 8 ಲಕ್ಷ ಟನ್ ಅಕ್ರಮ ಅದಿರು ವಶಪಡಿಸಿಕೊಂಡರು. ಅದರಲ್ಲಿ ದೊಡ್ಡ ಪಾಲು ವಶದಲ್ಲಿದ್ದಾಗಲೇ ಹಡಗು ಹತ್ತಿ ಹೋಯಿತು. ಅಮಾನತಾದದ್ದು ಗೋಕುಲ್! ಆಗ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಜೂನ್ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಗೋಕುಲ್ ಅರಣ್ಯ ಇಲಾಖೆಯವರು, ಹೆಗ್ಡೆಯವರ ಕೈಕೆಳಗಿನ ನೌಕರರೂ ಅಲ್ಲ. ಹಾಗಿದ್ದೂ ಆ ಅಧಿಕಾರಿಗೆ ಆದ ಅನ್ಯಾಯವನ್ನು ಕಾರಣವಾಗಿ ಹೇಳಿದರು. ಜುಲೈನಲ್ಲಿ ರಾಜೀನಾಮೆ ವಾಪಸ್ ತೆಗೆದುಕೊಂಡರು, ಮರುವರ್ಷ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು.

ಆ ಜೂನಿನಲ್ಲಿ ಅಂಕೋಲಾದ ಚಾ ಅಂಗಡಿಗಳಲ್ಲಿ ಕುಳಿತ ಸಣ್ಣ ಸಣ್ಣ ಸರ್ಕಾರಿ ನೌಕರರ ಮಾತು ನಾನು ಕೇಳಿದ್ದೇನೆ. ಅಮಾನತಿನ ಸುದ್ದಿ ಬಂದಾಗ ಎಲ್ಲರದ್ದೂ ಒಂದೇ ಮಾತು, "ನೋಡಿದ್ಯಾ, ಸುಮ್ನೆ ಇದ್ದವ ಜಾಣ." ರಾಜೀನಾಮೆ ಸುದ್ದಿ ಬಂದ ಮೇಲೆ ಮಾತು ಸ್ವಲ್ಪ ತಿರುಗಿತು. ಪೂರ್ತಿ ತಿರುಗಿತು ಅಂತ ನಾನು ಹೇಳುವುದಿಲ್ಲ. ಆದರೆ ಹಿಡಿದುಕೊಟ್ಟವನ ಪರವಾಗಿ ಮೇಲಿನವರೊಬ್ಬರು ತಮ್ಮ ಕುರ್ಚಿಯನ್ನೇ ಪಣಕ್ಕಿಟ್ಟದ್ದನ್ನು ಆ ಜನ ಮೊದಲ ಬಾರಿ ನೋಡಿದ್ದರು.

ನಿಮ್ಮ ಆರಿಸುವ ಹೆಂಗಸರು "ಇದು ನಮ್ಮ ಕಡೆಯ ಅಡಿಕೆ ಅಲ್ಲ" ಅಂತ ಹೇಳಿದರಲ್ಲ, ಆಮೇಲೆ ಅವರಿಗೆ ಏನಾಯಿತು? ಯಾರಾದರೂ ಅವರಿಗೆ ಉತ್ತರ ಕೊಟ್ಟರಾ?

ಶಿರಸಿ ಗುಮಾಸ್ತ ಬರೆದದ್ದು:

ಅಂಕೋಲಾದ ಸರ್, ಆ ಪ್ರಶ್ನೆ ಚುಚ್ಚಿತು. ಯಾರೂ ಉತ್ತರ ಕೊಟ್ಟಿಲ್ಲ. ಮೊದಲು ಹೇಳಿದ ಹೆಂಗಸಿಗೆ ಖರೀದಿಯವನು "ನಿಂಗೆ ಅಡಿಕೆ ಕಲಿಸ್ತಾ ಕೂತ್ಕೊಳ್ಲಾ?" ಅಂದ. ಸಾವ್ಕಾರ್ರು ಅಲ್ಲೇ ಇದ್ದರು, ಫೋನು ನೋಡುತ್ತಿದ್ದರು. ಅವತ್ತಿನಿಂದ ಆರಿಸುವವರು ಅಂಥ ಲಾಟನ್ನು ಬೇರೆ ಇಡುವುದೂ ಇಲ್ಲ, ಮಾತೂ ಇಲ್ಲ.

ಅಕ್ಕ, ಎಡ್ಮಂಡ್ಸನ್ ಕಥೆಯನ್ನು ಸಾವ್ಕಾರ್ರಿಗೆ ಹೇಳಿದೆ. ಎರಡು ಸಲ ಹೇಳಿಸಿಕೊಂಡರು. ದೂರು ಬರೆಯುವ ಪುಸ್ತಕವನ್ನು ತಮ್ಮ ಮೇಜಿನ ಮೇಲೇ ಇಟ್ಟುಕೊಂಡಿದ್ದಾರೆ. ಅದು ಸುಲಭದ ಭಾಗ.

ಖರೀದಿಯವನ ಮಾತೆತ್ತಿದೆ. "ಸೀಸನ್ ಮುಗೀಲಿ, ಆಮೇಲೆ ನೋಡೋಣ" ಅಂದರು. ಈಗ ಚಾಲಿ ಸುಲಿಯುವ ಭರ, ಅವನು ಪಕ್ಕದ ವಖಾರಿಗೆ ಹೋದರೆ ಅವನ ಹಿಂದೆ ರೈತರೂ ಹೋಗುತ್ತಾರೆ ಅನ್ನುವ ಭಯ. ಭಯ ಸುಳ್ಳೂ ಅಲ್ಲ.

ಕುಮಟಾದ ಅಕ್ಕ ಬರೆದದ್ದು:

ಭಯ ಸುಳ್ಳಲ್ಲ, ಆದರೆ ಸೀಸನ್ ಮುಗಿದ ಮೇಲೆ ಶಿಸ್ತು ಮಾಡಿದರೆ ಜನ ಅದನ್ನು ಹೇಗೆ ಓದುತ್ತಾರೆ ಅಂತ ಯೋಚಿಸಿ. "ಲಾಭ ಇರುವ ತನಕ ಇಟ್ಟುಕೊಂಡರು, ಆಮೇಲೆ ಬಿಟ್ಟರು." ಇನ್ನೊಂದು, 2009ರಲ್ಲಿ ಡೇವಿಡ್ ಮೇಯರ್ ಮತ್ತು ಜೊತೆಯವರು ತೋರಿಸಿದ್ದು: ಮೇಲಿನವರ ನಡತೆ ಕೆಳಗಿನವರಿಗೆ ಮುಟ್ಟುವುದು ಹೆಚ್ಚಾಗಿ ನಡುವಿನ ಮೇಸ್ತ್ರಿ, ಸೂಪರ್‌ವೈಸರ್ ಮೂಲಕ. ರೈತರ ಪಾಲಿಗೆ, ಆರಿಸುವವರ ಪಾಲಿಗೆ ವಖಾರಿ ಅಂದರೆ ಈ ಖರೀದಿಯವನೇ. ಸಾವ್ಕಾರ್ರ ಒಳ್ಳೆಯತನ ಅವನ ಹತ್ತಿರ ಬಂದು ನಿಂತುಬಿಟ್ಟಿದೆ.

ಅವನನ್ನು ಓಡಿಸಿ ಅಂತ ನಾನು ಹೇಳುತ್ತಿಲ್ಲ. ಕಮಿಷನ್ ಬದಲಿಸಿ. ತಂದ ಕ್ವಿಂಟಲ್ ಮೇಲೆ ಬೇಡ, ಆರಿಸಿದ ಮೇಲೆ ಚಾಲಿ ಅಂತ ಉಳಿದ ತೂಕದ ಮೇಲೆ ಕೊಡಿ. ಪ್ರತಿ ಲಾಟಿನ ಮೇಲೆ ರೈತನ ಊರು, ಖರೀದಿಯವನ ಹೆಸರು ಇರಲಿ. ಆರಿಸುವವರು ಬೇರೆ ಕಡೆಯದ್ದು ಅಂತ ತೆಗೆದಿಟ್ಟದ್ದು ಬೇರೆ ತೂಕಕ್ಕೆ ಹೋಗಲಿ, ಆ ಹೊತ್ತಿನ ಕೂಲಿ ಅವರಿಗೆ ತಪ್ಪದಿರಲಿ. ಇದನ್ನು ಸಾವ್ಕಾರ್ರೇ ಎಲ್ಲರ ಮುಂದೆ ಹೇಳಬೇಕು, ನಿಮ್ಮ ಬಾಯಲ್ಲಿ ಹೇಳಿಸಬಾರದು. ಅವನು ಮೊದಲು ಹಾರಾಡುತ್ತಾನೆ. ಒಳ್ಳೆ ಮಾಲು ತರುವ ಯೋಗ್ಯತೆ ಅವನಿಗಿದೆ, ಅದಕ್ಕೇ ದುಡ್ಡು ಸಿಗುತ್ತದೆ ಅಂತಾದರೆ ಅದನ್ನೇ ತರಲೂಬಹುದು.

ಯಲ್ಲಾಪುರ ರಸ್ತೆ ಬರೆದದ್ದು:

ಇದು ಆಗುವ ಮಾತು. ಮೊದಲೇ ಹೀಗೆ ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲ.

ಶಿರಸಿ ಗುಮಾಸ್ತ ಬರೆದದ್ದು:

ವಾರದ ನಂತರ ಬರೆಯುತ್ತಿದ್ದೇನೆ. ಕಮಿಷನ್ ಬದಲಾಗಿಲ್ಲ, ಸಾವ್ಕಾರ್ರು ಇನ್ನೂ ಲೆಕ್ಕ ಹಾಕುತ್ತಿದ್ದಾರೆ. ಆದರೆ ಸೋಮವಾರ ಒಂದು ಲಾಟು ಬಂದಾಗ ತಾವೇ ಆರಿಸುವ ಜಾಗಕ್ಕೆ ಹೋಗಿ ಆ ಹೆಂಗಸಿನ ಪಕ್ಕ ಕೂತು, "ಅಕ್ಕ, ಇದರಲ್ಲಿ ನಮ್ಮದು ಯಾವುದು, ಹೊರಗಿನದ್ದು ಯಾವುದು, ನಂಗೆ ತೋರ್ಸು" ಅಂದರು. ಖರೀದಿಯವನು ಬಾಗಿಲಲ್ಲೇ ನಿಂತಿದ್ದ. ಅವಳು ಮೊದಲು ಹೆದರಿದಳು, ಆಮೇಲೆ ಒಡೆದು ತೋರಿಸಿದಳು. ಒಂದೂವರೆ ಚೀಲ ಬೇರೆ ಆಯಿತು. ಮಧ್ಯಾಹ್ನದ ಹೊತ್ತಿಗೆ ಉಳಿದವರೂ ಬೇರೆ ಇಡಲು ಶುರು ಮಾಡಿದ್ದರು. ಯಾರೂ ಹೇಳಿರಲಿಲ್ಲ. ಖರೀದಿಯವನು ಎರಡು ದಿನ ರಜೆ ಹಾಕಿದ್ದಾನೆ, ಬರುತ್ತಾನೋ ಇಲ್ಲವೋ ನೋಡಬೇಕು. ಡ್ರೈವರ್ ಬಿಲ್ಲು ಈ ವಾರ ಇನ್ನೂ ಕೈಗೆ ಬಂದಿಲ್ಲ.

ಲಾಟಿನ ಚೀಟಿಯಲ್ಲಿ ಊರು, ಹೆಸರು, ತೂಕ ಕನ್ನಡದಲ್ಲೇ ಪ್ರಿಂಟ್ ಆಗಬೇಕು ಅಂತ ಸಾವ್ಕಾರ್ರ ಆಸೆ, ಆರಿಸುವವರೂ ಓದುವಂತೆ. ನಮ್ಮ ತಕ್ಕಡಿಯ ಪ್ರಿಂಟರ್ ಇಂಗ್ಲಿಷ್ ಬಿಟ್ಟು ಬೇರೆ ಕೊಡುವುದಿಲ್ಲ. ಕನ್ನಡ ಬರುವ ಚೀಟಿ ಪ್ರಿಂಟರ್ ಯಾರಾದರೂ ಬಳಸುತ್ತಿದ್ದೀರಾ?

ಬೈತಖೋಲ ಬೋಟಿನವ ಬರೆದದ್ದು:

ಪ್ರಿಂಟರಿಗೆ ಯಾಕೆ ಕಾಯುತ್ತೀರಿ? ನಾಳೆಯಿಂದಲೇ ಕೈಯಲ್ಲಿ ಬರೆದು ಚೀಲಕ್ಕೆ ಕಟ್ಟಿ.